ಕವಡೆಯನ್ನು ಮಾರದ ಚೌಕಾಬಾರ: ಮೈಸೂರಿನ ಒಂದು ಗೇಮ್ ಸ್ಟುಡಿಯೊ ಉಚಿತ ಆಟಕ್ಕೆ ಹೊರಳಿದ ಪ್ರಕರಣ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯೊಂದರ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದು ನಡೆಯುತ್ತಿರುವ ಸಣ್ಣ ಗೇಮ್ ಸ್ಟುಡಿಯೊವೊಂದು, 99 ರೂಪಾಯಿಗೆ ಮಾರುತ್ತಿದ್ದ ತನ್ನ ಚೌಕಾಬಾರದ ಮೊಬೈಲ್ ಆಟವನ್ನು 2021ರಲ್ಲಿ ಉಚಿತ ಆಟವಾಗಿ ಮಾರ್ಪಡಿಸಿತು. ಹಾಗೆ ಮಾಡಬೇಕೆಂದು ಕೇಳಿದ್ದು ಬೆಂಗಳೂರಿನ ಒಂದು ಪಬ್ಲಿಷರ್ ಸಂಸ್ಥೆ, ಅಂದರೆ ಬೇರೆಯವರು ಮಾಡಿದ ಆಟಗಳಿಗೆ ಹಣ ಹೂಡಿ ಮಾರುಕಟ್ಟೆಗೆ ತರುವ ಕಂಪನಿ. ಒಪ್ಪಂದದ ಕರಡುಗಳನ್ನು ಓದಿ, ಲೆಕ್ಕ ಬಿಡಿಸಿ ಹೇಳುವ ಕೆಲಸಕ್ಕಾಗಿ ಸ್ಟುಡಿಯೊದವರು ನನ್ನನ್ನು ಕರೆದಿದ್ದರು. ಅವರ ಕೋರಿಕೆಯಂತೆ ಎರಡೂ ಕಡೆಯವರ ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪ್ರಪಂಚದ ದೊಡ್ಡ ಗೇಮ್ ಕಂಪನಿಗಳು ಬಿಡುವಿನಲ್ಲಿ ಯಾರು ಬೇಕಾದರೂ ಆಡಬಹುದಾದ ಸರಳ ‘ಕ್ಯಾಶುವಲ್’ ಆಟಗಳತ್ತ, ಉಚಿತ ಆಟಗಳತ್ತ ವಾಲಿದ ಬಗ್ಗೆ ಸುದ್ದಿಗಳು ಸಾಕಷ್ಟು ಬಂದಿವೆ. ಆ ವಾಲುವಿಕೆ ಸರಪಳಿಯ ಕೊನೆಯ ಕೊಂಡಿಯಲ್ಲಿರುವ ಐದಾರು ಜನರ ತಂಡವೊಂದನ್ನು ಹೇಗೆ ಮುಟ್ಟಿತು, ಅವರು ಎಲ್ಲಿ ಒಪ್ಪಿದರು, ಎಲ್ಲಿ ಒಪ್ಪಲಿಲ್ಲ ಎಂಬುದು ಕನ್ನಡದಲ್ಲಿ ಆಟ ಮಾಡಹೊರಟವರಿಗೆ ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ.

ಹಿನ್ನೆಲೆ: ಆರ್ಡರುಗಳಲ್ಲಿ ಕಂಡ ಬದಲಾವಣೆ

ಸ್ಟುಡಿಯೊಗೆ ಇಬ್ಬರು ಪಾಲುದಾರರಿದ್ದಾರೆ. ಹಿರಿಯರು ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರು. ಕಿರಿಯರು ಇಂಜಿನಿಯರಿಂಗ್ ಓದಿ ಪ್ರೋಗ್ರಾಮಿಂಗ್‌ಗೆ ಬಂದವರು. ಆರಂಭದಲ್ಲಿ ಅವರು ಮಾಡುತ್ತಿದ್ದುದು ಸ್ವಂತ ಆಟಗಳನ್ನಲ್ಲ. ವಿದೇಶಿ ಪಬ್ಲಿಷರ್‌ಗಳ ಕನ್ಸೋಲ್ ಆಟಗಳಿಗೆ (ಟಿವಿಗೆ ಜೋಡಿಸುವ ಯಂತ್ರದಲ್ಲಿ ಆಡುವಂಥವು) ಬೇಕಾದ ಚಿತ್ರ ಮತ್ತು ತ್ರೀಡಿ ಮಾದರಿಗಳ ಕೆಲಸ ಬೆಂಗಳೂರಿನ ದೊಡ್ಡ ಗುತ್ತಿಗೆ ಕಂಪನಿಗಳಿಗೆ ಬರುತ್ತಿತ್ತು, ಅದರ ಒಂದು ಪಾಲು ಒಳಗುತ್ತಿಗೆಯಾಗಿ ಮೈಸೂರಿಗೆ ಇಳಿಯುತ್ತಿತ್ತು. ಒಂದು ಪಾತ್ರದ ಕವಚ, ಒಂದು ಹಳೆಯ ರೈಲು ಡಬ್ಬಿ, ಒಂದು ಪಾಳು ಚರ್ಚು ಎಂಬಂತೆ ವಾರಗಟ್ಟಲೆ ಕೂತು ಮುಗಿಸುವ ಕೆಲಸಗಳು.

ಇಂಥ ಕೆಲಸ ಕಡಿಮೆಯಾಗುತ್ತ ಬಂದುದಕ್ಕೆ ಕಾರಣ ದೂರದಲ್ಲಿತ್ತು. 2009ರ ನವೆಂಬರಿನಲ್ಲಿ ಕನ್ಸೋಲ್ ಆಟಗಳ ದೊಡ್ಡ ಪಬ್ಲಿಷರ್ ಆದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು ಫೇಸ್‌ಬುಕ್ ಆಟಗಳನ್ನು ಮಾಡುತ್ತಿದ್ದ ಪ್ಲೇಫಿಶ್ ಎಂಬ ಸಂಸ್ಥೆಯನ್ನು ಸುಮಾರು 30 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ದಿನ ತನ್ನ 1,500 ಹುದ್ದೆಗಳನ್ನು ಕಡಿತ ಮಾಡುವುದಾಗಿಯೂ ಹೇಳಿತು. ಹಣ ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಜಿಂಗಾ ಕಂಪನಿಯ ಫಾರ್ಮ್‌ವಿಲ್ ಎಂಬ ಉಚಿತ ಫೇಸ್‌ಬುಕ್ ಆಟ ಬಂದಿತ್ತು, ಅಕ್ಟೋಬರಿನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರಿನ ಉಚಿತ ಆ್ಯಪ್‌ಗಳ ಒಳಗೂ ವಸ್ತುಗಳನ್ನು ಮಾರಲು ಅವಕಾಶ ಕೊಟ್ಟಿತ್ತು. 2010ರಲ್ಲಿ ಜಿಂಗಾ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕ್ಯಾಶುವಲ್ ಆಟಗಳ ಪಾಪ್‌ಕ್ಯಾಪ್ ಕಂಪನಿಯನ್ನು 75 ಕೋಟಿ ಡಾಲರಿಗೆ ಕೊಂಡಿತು. 2012ರ ಡಿಸೆಂಬರಿನಲ್ಲಿ ಟಿಎಚ್‌ಕ್ಯು ಎಂಬ ಹಳೆಯ ಕನ್ಸೋಲ್ ಪಬ್ಲಿಷರ್ ದಿವಾಳಿ ಅರ್ಜಿ ಹಾಕಿತು. ಮುಂದೆ 2015ರಲ್ಲಿ ಆ್ಯಕ್ಟಿವಿಷನ್ ಬ್ಲಿಝರ್ಡ್ ಕಂಪನಿ, ಕ್ಯಾಂಡಿ ಕ್ರಶ್ ಮಾಡಿದ ಕಿಂಗ್ ಸಂಸ್ಥೆಯನ್ನು 590 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

ಸರಸ್ವತಿಪುರಂನ ಆ ಮಹಡಿಯಲ್ಲಿ ಈ ಸುದ್ದಿಗಳನ್ನು ಯಾರೂ ಕಲೆಹಾಕಿರಲಿಲ್ಲ. ಅವರಿಗೆ ಬದಲಾವಣೆ ಗೊತ್ತಾದದ್ದು ಆರ್ಡರುಗಳ ಸ್ವರೂಪದಿಂದ. ಒಂದು ದೊಡ್ಡ ಮಾದರಿಯ ಬದಲು ನೂರಾರು ಪುಟ್ಟ ಚಿತ್ರಗಳು ಬೇಕೆಂಬ ಕೋರಿಕೆಗಳು ಬರತೊಡಗಿದವು: ಕುಂಬಳಕಾಯಿ ದೀಪ, ಕ್ರಿಸ್‌ಮಸ್ ಬೇಲಿ, ಪ್ರೇಮಿಗಳ ದಿನದ ಬಾತುಕೋಳಿ, ಚಿನ್ನದ ನಾಣ್ಯಗಳ ಚೀಲ. ಆಟ ಬಿಡುಗಡೆಯಾದ ಮೇಲೂ ಆರ್ಡರು ನಿಲ್ಲುತ್ತಿರಲಿಲ್ಲ. ಹಬ್ಬಕ್ಕೊಂದು, ಹದಿನೈದು ದಿನಕ್ಕೊಂದು ಹೊಸ ಕಟ್ಟು ಬೇಕಾಗುತ್ತಿತ್ತು. ಮಾರಾಟದ ಆಟದಲ್ಲಿ ಹಣ ಬರುವುದು ಒಮ್ಮೆ, ಮೊದಲಿಗೆ. ಉಚಿತ ಆಟದಲ್ಲಿ ಆಟಗಾರ ಉಳಿದಷ್ಟು ದಿನ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಆದ್ದರಿಂದ ಆಟಕ್ಕೆ ಮುಗಿಯುವ ಹಕ್ಕು ಇಲ್ಲ. ಹಿರಿಯ ಪಾಲುದಾರರು ಈ ತತ್ವವನ್ನು ಯಾವ ಲೇಖನವನ್ನೂ ಓದದೆ, ಬಾತುಕೋಳಿ ಬರೆಯುತ್ತಲೇ ಅರ್ಥ ಮಾಡಿಕೊಂಡಿದ್ದರು.

ಚೌಕಾಬಾರವನ್ನೇ ಏಕೆ ಆರಿಸಿಕೊಂಡರು

ಸ್ವಂತದ್ದೊಂದು ಆಟ ಮಾಡೋಣ ಎಂದಾಗ ಮೈಸೂರಿನವರಿಗೆ ಎಲ್ಲಿಂದ ಶುರುಮಾಡಬೇಕೆಂಬ ಪ್ರಶ್ನೆ ಬಹಳ ಕಾಡುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ಫಲಕದ ಆಟಗಳನ್ನು ರಚಿಸಿದವರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಕಾಲದ ಆಟದ ಹಾಸುಗಳು ಇವೆ, ಮೈಸೂರು ಗಂಜೀಫಾ ಎಂಬ ಇಸ್ಪೀಟಿನಂಥ ಎಲೆಯಾಟದ ‘ಛದ’ ಪ್ರಕಾರಗಳೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಆದರೂ ಅರಮನೆಯ ಆಟಗಳನ್ನು ಬಿಟ್ಟು ಚೌಕಾಬಾರವನ್ನು ಆರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೈಸೂರು, ಮಂಡ್ಯದ ಮನೆಗಳಲ್ಲಿ ಸೀಮೆಸುಣ್ಣದಲ್ಲಿ ಐದು-ಐದು ಮನೆ ಬರೆದು, ಕವಡೆಯೋ ಹುಣಸೆಬೀಜವೋ ಹಿಡಿದು ಕೂರುವವರು ಇವತ್ತಿಗೂ ಇದ್ದಾರೆ.

ಮುಂದೆ ಬರುವ ವಿವಾದ ಅರ್ಥವಾಗಬೇಕಾದರೆ ಆಟದ ನಿಯಮವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ಎಷ್ಟು ಕವಡೆ ಅಂಗಾತ ಬೀಳುತ್ತವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಸರದಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ಒಳಸುತ್ತು ದಾಟಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಪ್ರತಿ ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ಹದಿನಾರು ಎಸೆತಗಳಲ್ಲಿ ಎರಡು ಆರು ಬಾರಿ, ಒಂದು ಮತ್ತು ಮೂರು ತಲಾ ನಾಲ್ಕು ಬಾರಿ, ಚೌಕ ಮತ್ತು ಬಾರ ತಲಾ ಒಂದೊಂದು ಬಾರಿ ಬೀಳುವ ಸಂಭವವಿದೆ. ಅಪರೂಪವಾದ್ದರಿಂದಲೇ ಬಾರ ಬಿದ್ದಾಗ ಕೂತವರೆಲ್ಲ ಕೂಗುತ್ತಾರೆ.

ನಿಜವಾದ ಕವಡೆ ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ಅದರ ಬೆನ್ನು ಉಬ್ಬಿದೆ, ಹೊಟ್ಟೆ ಚಪ್ಪಟೆ. ಕಿರಿಯ ಪಾಲುದಾರರು ಸಮಸಂಭವದ ಕವಡೆಯನ್ನೇ ಪ್ರೋಗ್ರಾಮಿನಲ್ಲಿ ಇಟ್ಟರು. ಪರೀಕ್ಷೆಗೆಂದು ಆಡಿದ ಮಂಡ್ಯದ ಹಿರಿಯ ಹೆಂಗಸೊಬ್ಬರು ಮೊದಲ ದಿನವೇ, “ಇದೇನಪ್ಪ, ನಮ್ಮನೆ ಕವಡೆ ಹಿಂಗ್ ಬೀಳಲ್ಲ” ಎಂದರು. ಆ ಮಾತನ್ನು ಸ್ಟುಡಿಯೊದವರು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪ್ರತಿ ಎಸೆತದ ಫಲವನ್ನು ದಾಖಲಿಸಿ, ಆಟ ಮುಗಿದ ಮೇಲೆ ಯಾರಿಗೆ ಎಷ್ಟು ಚೌಕ, ಎಷ್ಟು ಬಾರ ಬಿತ್ತೆಂದು ತೋರಿಸುವ ಪಟ್ಟಿಯೊಂದನ್ನು ಆಟದಲ್ಲೇ ಸೇರಿಸಿದರು. ಇದು ಅಂದು ಚಿಕ್ಕ ಸೇರ್ಪಡೆಯಾಗಿ ಕಂಡಿತು, ಆಮೇಲೆ ಇಡೀ ಮಾತುಕತೆಯ ಕೇಂದ್ರವಾಯಿತು.

2019ರಲ್ಲಿ ಆಟವನ್ನು 99 ರೂಪಾಯಿಗೆ ಮಾರಾಟಕ್ಕಿಟ್ಟರು. ಕೊಂಡವರಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿದ್ದ ಕನ್ನಡಿಗರು. ಊರಿನವರು ಹೊಗಳಿದರು, ಆದರೆ ಕೊಳ್ಳಲಿಲ್ಲ. ಇದನ್ನು ಜಿಪುಣತನವೆಂದು ತಿಳಿಯುವುದು ಅನ್ಯಾಯ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಗಿ, ಮೊಬೈಲಿನಲ್ಲಿ ಹಾಡು, ವಿಡಿಯೊ, ಆಟ ಎಲ್ಲವೂ ಪುಕ್ಕಟೆ ಸಿಗುವುದೇ ರೂಢಿಯಾಗಿತ್ತು. ಆಡಿ ನೋಡದ ವಸ್ತುವಿಗೆ ಮುಂಗಡವಾಗಿ ಹಣ ಕೊಡುವ ಅಭ್ಯಾಸ ಬೆಳೆಯುವ ಮೊದಲೇ ಆ ಬಾಗಿಲು ಮುಚ್ಚಿತ್ತು. ಇದು ಭಾರತಕ್ಕೆ ಮಾತ್ರ ಸೀಮಿತವೂ ಅಲ್ಲ. 2016ರ ಡಿಸೆಂಬರಿನಲ್ಲಿ ನಿಂಟೆಂಡೊ ತನ್ನ ಸೂಪರ್ ಮಾರಿಯೊ ರನ್ ಆಟದ ಮೊದಲ ಕೆಲವು ಹಂತಗಳನ್ನು ಉಚಿತವಾಗಿ ಕೊಟ್ಟು, ಉಳಿದದ್ದಕ್ಕೆ ಒಮ್ಮೆಗೆ ಸುಮಾರು ಹತ್ತು ಡಾಲರ್ ಕೇಳಿತ್ತು. ಅಂಥ ಹೆಸರಾಂತ ಪಾತ್ರವಿದ್ದೂ ಕೊಂಡವರ ಪ್ರಮಾಣ ತಾನೆಣಿಸಿದಷ್ಟು ಬರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು.

ಪಬ್ಲಿಷರ್ ಬಂದದ್ದು, ಕೇಳಿದ್ದು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ನವಿ ಮುಂಬೈಯ ಸಣ್ಣ ಕಂಪನಿಯೊಂದು 2016ರಲ್ಲಿ ಬಿಟ್ಟಿದ್ದ ಲೂಡೊ ಕಿಂಗ್ ಎಂಬ ಉಚಿತ ಆಟ ದೇಶದ ಮನೆಮನೆಗೂ ಹಬ್ಬಿತು. ಅದನ್ನು ಕಂಡ ಪಬ್ಲಿಷರ್‌ಗಳು ಪ್ರತಿ ಪ್ರಾಂತ್ಯದ ಮನೆಯಾಟಗಳನ್ನು ಹುಡುಕತೊಡಗಿದರು. ಆ ಹುಡುಕಾಟದಲ್ಲೇ ಬೆಂಗಳೂರಿನ ಸಂಸ್ಥೆಯೊಂದು ಸರಸ್ವತಿಪುರಂಗೆ ಬಂದಿತು.

ಅವರ ಪ್ರಸ್ತಾವದಲ್ಲಿ ನ್ಯಾಯವಾದ ಅಂಶಗಳಿದ್ದವು. ದೂರದ ಊರುಗಳಲ್ಲಿರುವ ನಾಲ್ವರು ಒಟ್ಟಿಗೆ ಆಡುವಂತೆ ಸರ್ವರ್ ವೆಚ್ಚವನ್ನು ತಾವೇ ಭರಿಸುತ್ತೇವೆ, ಜಾಹೀರಾತಿಗೆ ಹಣ ಹಾಕುತ್ತೇವೆ ಎಂದರು. ಆಟ ಉಚಿತವಾಗಬೇಕು, ನಡುನಡುವೆ ಜಾಹೀರಾತು ಬರಬೇಕು, ವಿಡಿಯೊ ಜಾಹೀರಾತು ನೋಡಿದವರಿಗೆ ನಾಣ್ಯ ಸಿಗಬೇಕು ಎಂಬುದು ಅವರ ಬೇಡಿಕೆ. ಇಲ್ಲಿಯವರೆಗೆ ತಕರಾರಿರಲಿಲ್ಲ. ಆದರೆ ಆಟದೊಳಗೆ ಏನನ್ನು ಮಾರಬೇಕೆಂಬ ಪಟ್ಟಿಯಲ್ಲಿ ಎರಡು ವಿಷಯಗಳಿದ್ದವು: ಹಣ ಕೊಟ್ಟವರಿಗೆ ಚೌಕ-ಬಾರ ಹೆಚ್ಚಾಗಿ ಬೀಳುವ ‘ಅದೃಷ್ಟದ ಕವಡೆ’, ಮತ್ತು ಸತತವಾಗಿ ಸೋಲುತ್ತಿರುವವರು ಆಟ ಬಿಟ್ಟುಹೋಗದಂತೆ, ಅವರಿಗೆ ತಿಳಿಯದ ಹಾಗೆ ಆಗಾಗ ಒಂದು ಬಾರ ಬೀಳಿಸುವ ಒಳವ್ಯವಸ್ಥೆ. ಜೊತೆಗೆ, ಆಡಲು ಜನ ಸಿಗದಾಗ ಯಂತ್ರವನ್ನೇ ಮನುಷ್ಯರ ಹೆಸರಿನಲ್ಲಿ ಕೂರಿಸಬೇಕೆಂಬ ಸಲಹೆಯೂ ಇತ್ತು.

ಈ ಬೇಡಿಕೆಗಳು ಯಾರದೋ ದುರಾಸೆಯಿಂದ ಹುಟ್ಟಿದವಲ್ಲ ಎಂಬುದನ್ನು ಹೇಳಲೇಬೇಕು. ಉಚಿತ ಆಟಗಳಲ್ಲಿ ನೂರು ಜನ ಆಡಿದರೆ ಹಣ ಕೊಡುವವರು ಕೈಬೆರಳೆಣಿಕೆಯಷ್ಟು. ಒಬ್ಬ ಆಟಗಾರನನ್ನು ಜಾಹೀರಾತಿನ ಮೂಲಕ ಕರೆತರಲು ತಗಲುವ ಖರ್ಚಿಗಿಂತ ಅವನಿಂದ ಒಟ್ಟು ಬರುವ ಆದಾಯ ಹೆಚ್ಚಿರಬೇಕು. ಇಲ್ಲವಾದರೆ ಆಟ ಬೆಳೆದಷ್ಟೂ ನಷ್ಟವೂ ಬೆಳೆಯುತ್ತದೆ. ಭಾರತದಲ್ಲಿ ಜಾಹೀರಾತು ತೋರಿಸಿದ್ದಕ್ಕೆ ಸಿಗುವ ದರ ಅಮೆರಿಕದ ದರಕ್ಕೆ ಹೋಲಿಸಿದರೆ ತೀರ ಕಡಿಮೆ. ಹೀಗಾಗಿ ಆಟಗಾರನನ್ನು ಉಳಿಸಿಕೊಳ್ಳುವುದು, ಕೊಡುವ ಕೆಲವರಿಂದ ಹೆಚ್ಚು ಪಡೆಯುವುದು, ಎರಡೂ ಪಬ್ಲಿಷರ್‌ಗೆ ಅನಿವಾರ್ಯವಾಗುತ್ತವೆ. ಆಟದ ಬೆಲೆ ಸೊನ್ನೆಗೆ ಇಳಿದ ಕ್ಷಣದಲ್ಲೇ ಆಟದ ಒಳಗಿನ ಯಾವುದಾದರೊಂದು ಭಾಗಕ್ಕೆ ಬೆಲೆ ಏರಬೇಕಾಗುತ್ತದೆ. ಯಾವ ಭಾಗಕ್ಕೆ ಎಂಬುದೇ ಇಂಥ ಪ್ರಕರಣಗಳಲ್ಲಿ ನಿಜವಾದ ನಿರ್ಧಾರ.

ಕವಡೆಯ ಪ್ರಶ್ನೆಯಲ್ಲಿ ಪಾಲುದಾರರಿಬ್ಬರಿಗೂ ಆರಂಭದಲ್ಲಿ ಒಮ್ಮತವಿರಲಿಲ್ಲ. ಕಿರಿಯರು, “ಸಾರ್, ಎರಡು ವರ್ಷದಿಂದ ಬಾಡಿಗೆ ಕಟ್ತಿರೋದು ಬಾತುಕೋಳಿ ದುಡ್ಡಲ್ಲಿ, ಇದನ್ನೂ ಬಿಟ್ರೆ ಹೆಂಗೆ?” ಎಂದು ಕೇಳಿದರು. ಹಿರಿಯರ ಉತ್ತರ ಚಿಕ್ಕದಾಗಿತ್ತು: “ಹಾಸು ನಂದು, ಕಾಯಿ ನಂದು, ಅದನ್ನ ಮಾರ್ತೀನಿ. ಕವಡೆ ಆಡೋರ್ದು.” ಈ ಮಾತಿನಲ್ಲಿ ಕೇವಲ ಭಾವುಕತೆ ಇರಲಿಲ್ಲ. ಚೌಕಾಬಾರದಲ್ಲಿ ಜಾಣತನಕ್ಕೆ ಜಾಗವಿದೆ. ಯಾವ ಕಾಯಿ ನಡೆಸಬೇಕು, ಯಾವಾಗ ಯಾರೂ ಹೊಡೆಯಲಾಗದ ಕಟ್ಟೆಮನೆಯಲ್ಲಿ ಕಾಯುತ್ತ ಕೂರಬೇಕು ಎಂಬುದನ್ನು ಆಟಗಾರನೇ ನಿರ್ಧರಿಸುತ್ತಾನೆ. ಆದರೆ ಆ ನಿರ್ಧಾರಗಳಿಗೆ ಅರ್ಥ ಬರುವುದು ಎಲ್ಲರ ಕವಡೆಯೂ ಒಂದೇ ನಿಯಮಕ್ಕೆ ಬದ್ಧವಾಗಿದ್ದಾಗ ಮಾತ್ರ. ಒಬ್ಬನಿಗೆ ಬಾರ ಹದಿನಾರಕ್ಕೆ ಒಂದು, ಇನ್ನೊಬ್ಬನಿಗೆ ಎಂಟಕ್ಕೆ ಒಂದು ಎಂದಾದರೆ ಮೊದಲನೆಯವನ ಲೆಕ್ಕಾಚಾರವೆಲ್ಲ ವ್ಯರ್ಥ. ಗುಟ್ಟಾಗಿ ಬೀಳಿಸುವ ಬಾರ ಇನ್ನೂ ಕೆಟ್ಟದ್ದು, ಏಕೆಂದರೆ ಅದರಿಂದ ಲಾಭ ಪಡೆದವನಿಗೂ ತಾನು ಗೆದ್ದೆನೇ ಎಂಬುದು ತಿಳಿಯುವುದಿಲ್ಲ.

ಪಬ್ಲಿಷರ್ ಕಡೆಯವರು ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದಾಗ, ಎಸೆತಗಳ ಪಟ್ಟಿ ನೆರವಿಗೆ ಬಂದಿತು. ಆ ಪಟ್ಟಿ ಇರುವವರೆಗೆ ಗೊತ್ತಾಗಿಯೇ ಆಗುತ್ತದೆ. ಪಟ್ಟಿಯನ್ನು ತೆಗೆದರೆ ಏಕೆ ತೆಗೆದಿರೆಂದು ಹಳೆಯ ಗ್ರಾಹಕರು ಕೇಳುತ್ತಾರೆ. ಕೊನೆಗೆ ಒಪ್ಪಿಗೆಯಾದದ್ದು ಹೀಗೆ: ಮೈಸೂರು ಶೈಲಿಯ ಅಂಚಿನ ಹಾಸುಗಳು, ಗಂಜೀಫಾದ ದುಂಡು ಎಲೆಗಳನ್ನು ನೆನಪಿಸುವ ಮನೆಗಳು, ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳು ಮಾರಾಟಕ್ಕೆ, ಒಮ್ಮೆ ಹಣ ಕೊಟ್ಟರೆ ಜಾಹೀರಾತು ಶಾಶ್ವತವಾಗಿ ನಿಲ್ಲುವ ಆಯ್ಕೆ, ಯಂತ್ರ ಆಡುವಾಗ ಅದು ಯಂತ್ರವೆಂದು ಸ್ಪಷ್ಟವಾಗಿ ಬರೆಯುವುದು, ಕವಡೆಯ ಲೆಕ್ಕಕ್ಕೆ ಸ್ಟುಡಿಯೊದ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಕೈ ಹಾಕುವಂತಿಲ್ಲ.

ಎಡವಿದ್ದು ಎಲ್ಲಿ

ಆಟದ ವಿನ್ಯಾಸದಲ್ಲಿ ಇಷ್ಟು ಎಚ್ಚರ ವಹಿಸಿದವರು ಹಣದ ಕಲಮುಗಳಲ್ಲಿ ಅಷ್ಟು ಬಿಗಿಯಾಗಿ ನಿಲ್ಲಲಿಲ್ಲ. ಜಾಹೀರಾತಿಗೆ ಪಬ್ಲಿಷರ್ ಹಾಕಿದ ಹಣ ಪೂರ್ತಿ ವಸೂಲಾದ ಮೇಲೆಯೇ ಸ್ಟುಡಿಯೊಗೆ ಪಾಲು ಎಂಬ ಕಲಮು ಒಪ್ಪಂದದಲ್ಲಿತ್ತು. ಆ ವೆಚ್ಚಕ್ಕೆ ಮಿತಿ ಹಾಕಿಸಿಕೊಳ್ಳಿ, ತಿಂಗಳ ಲೆಕ್ಕ ಕೇಳುವ ಹಕ್ಕು ಬರೆಸಿಕೊಳ್ಳಿ ಎಂದು ಹೇಳಿದ್ದೆ. ಲೆಕ್ಕದ ಹಕ್ಕು ಸಿಕ್ಕಿತು, ಮಿತಿ ಸಿಗಲಿಲ್ಲ. ಸಾಲ, ಕಟಾವು, ಸಾಗಣೆ ಎಲ್ಲ ಮುರಿದುಕೊಂಡ ಮೇಲೆ ಉಳಿದ ಬಿಲ್ಲನ್ನು ನೋಡುವ ಮಂಡ್ಯದ ಕಬ್ಬು ಬೆಳೆಗಾರನ ಸ್ಥಿತಿಯೇ ಇಲ್ಲಿಯೂ ಆಯಿತು: ಆಡುವವರು ಬಹುಪಟ್ಟು ಹೆಚ್ಚಿದರು, ಹೊಸ ಆಟಗಾರರನ್ನು ತರಲು ಮತ್ತೆ ಜಾಹೀರಾತು ಹಾಕಿದಷ್ಟೂ ವಸೂಲಾಗಬೇಕಾದ ಮೊತ್ತ ಹಿಂದಕ್ಕೆ ಹೋಗುತ್ತಲೇ ಇತ್ತು. ಮೊದಲ ವರ್ಷವೆಲ್ಲ ತಂಡದ ಸಂಬಳ ನಡೆದದ್ದು ಹಳೆಯ ಗುತ್ತಿಗೆ ಚಿತ್ರಗಳಿಂದಲೇ.

ಇನ್ನೊಂದು ತಪ್ಪು, ನನ್ನ ದೃಷ್ಟಿಯಲ್ಲಿ ಹೆಚ್ಚು ನೋವಿನದು, 99 ರೂಪಾಯಿಯ ಮೂಲ ಆಟವನ್ನು ಅಂಗಡಿಯಿಂದ ತೆಗೆದದ್ದು. ಒಂದೇ ಆಟದ ಎರಡು ರೂಪಗಳಿದ್ದರೆ ಉಚಿತ ಆಟಕ್ಕೆ ಪೆಟ್ಟು ಬೀಳುತ್ತದೆಂದು ಪಬ್ಲಿಷರ್ ಪಟ್ಟು ಹಿಡಿಯಿತು. ಈ ಭಯ ದೊಡ್ಡವರಿಗೂ ಇದೆ: ಆ್ಯಂಗ್ರಿ ಬರ್ಡ್ಸ್ ಮಾಡಿದ ಫಿನ್ಲೆಂಡಿನ ರೋವಿಯೊ, ಜನರ ಒತ್ತಾಯದ ಮೇಲೆ 2022ರಲ್ಲಿ ಆ ಸರಣಿಯ ಮೊದಲ ಆಟವನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ, ಒಳಮಾರಾಟವಿಲ್ಲದೆ ಮತ್ತೆ ಬಿಟ್ಟು, ಅದು ತನ್ನ ಉಳಿದ ಆಟಗಳ ಮೇಲೆ ಪರಿಣಾಮ ಬೀರುತ್ತಿದೆಯೆಂದು 2023ರ ಫೆಬ್ರವರಿಯಲ್ಲಿ ಗೂಗಲ್ ಪ್ಲೇ ಅಂಗಡಿಯಿಂದ ತೆಗೆದುಹಾಕಿತು. ಪೂರ್ತಿ ಬೆಲೆ ತೆತ್ತು ನೆಮ್ಮದಿಯಿಂದ ಆಡಬಯಸುವವರು ಕಡಿಮೆ ಇರಬಹುದು, ಆದರೆ ಅವರಿಗೆ ಮಾರಲು ನಿರಾಕರಿಸುವುದು ಯಾವ ವ್ಯಾಪಾರನೀತಿಗೂ ಶೋಭೆಯಲ್ಲ. ಹಿಂದೆ ಕೊಂಡವರಿಗೆಲ್ಲ ಉಚಿತ ಆಟದಲ್ಲಿ ಜಾಹೀರಾತು ಬರದಂತೆ ಸ್ಟುಡಿಯೊದವರು ವ್ಯವಸ್ಥೆ ಮಾಡಿದ್ದರಿಂದ ಒಂದಿಷ್ಟು ಮಾನ ಉಳಿಯಿತು. ಗಮನಿಸಬೇಕಾದದ್ದೇನೆಂದರೆ, ಮುಂದೆ ಆಟಕ್ಕೆ ಸ್ಥಿರವಾದ ಆದಾಯ ತಂದದ್ದು ನಾಣ್ಯಗಳಲ್ಲ. ಜಾಹೀರಾತು ತೆಗೆಸಲು ಒಮ್ಮೆಗೆ ಹಣ ಕೊಟ್ಟವರು. ಮೂಲ ಆಟದ ಗ್ರಾಹಕರೇ ಬೇರೆ ಬಾಗಿಲಿನಿಂದ ಒಳಬಂದರೆಂದು ನಾನು ಇದನ್ನು ಓದುತ್ತೇನೆ.

ಪಣದ ಆಟದ ಪ್ರಸ್ತಾವ

2022ರಲ್ಲಿ ಮತ್ತೊಂದು ಸಂಸ್ಥೆ ಬಂದು, ಆಟಕ್ಕೆ ಪ್ರವೇಶ ಶುಲ್ಕವಿಟ್ಟು ಗೆದ್ದವರಿಗೆ ಹಣ ಕೊಡುವ ರೂಪ ಮಾಡಿಕೊಡಿ ಎಂದು ಕೇಳಿತು. ಕೊಡುತ್ತೇವೆಂದ ಮೊತ್ತ ದೊಡ್ಡದಿತ್ತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತ್ತು. ಕಾನೂನಿನ ಬಾಗಿಲು ಆಗ ತೆರೆದಿದ್ದಂತೆಯೇ ಕಾಣುತ್ತಿತ್ತು. ಪಾಲುದಾರರು ಈ ಬಾರಿ ಚರ್ಚೆಯನ್ನೇ ಮಾಡಲಿಲ್ಲ. ಕವಡೆಯನ್ನು ಮಾರಲು ಒಪ್ಪದವರು ಕವಡೆಯ ಮೇಲೆ ಪಣ ಕಟ್ಟಿಸಲು ಹೇಗೆ ಒಪ್ಪಿಯಾರು? 2023ರ ಅಕ್ಟೋಬರ್ 1ರಿಂದ ಹಣ ಕಟ್ಟುವ ಆಟಗಳ ಠೇವಣಿಯ ಮೇಲೆ ಶೇಕಡಾ 28ರ ಜಿಎಸ್‌ಟಿ ಬಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿತು. ಚೌಕಾಬಾರದ ಈ ಆಟ ಕೊನೆಯ ಗುಂಪಿಗೆ ಸೇರುತ್ತದೆ.

ಈಗಿನ ಸ್ಥಿತಿ

ಮೊದಲ ಪಬ್ಲಿಷರ್ ಜೊತೆಗಿನ ಒಪ್ಪಂದ ನವೀಕರಣಕ್ಕೆ ಬಂದಾಗ ಸ್ಟುಡಿಯೊ ಈ ಬಾರಿ ಜಾಹೀರಾತು ವೆಚ್ಚಕ್ಕೆ ಮಿತಿ ಹಾಕಿಸಿಕೊಂಡಿದೆ, ಬೆಲೆಯಿಟ್ಟ ಮೂಲ ಆಟವನ್ನು ಮತ್ತೆ ಅಂಗಡಿಗೆ ತರುವ ಹಕ್ಕನ್ನೂ ಪಡೆದಿದೆ. ಕವಡೆಯ ಕಲಮು ಒಂದಕ್ಷರವೂ ಬದಲಾಗದೆ ಉಳಿದಿದೆ. ಬಗೆಹರಿಯದೆ ನಿಂತಿರುವುದು ಮಕ್ಕಳ ವಿಷಯ. ಮನೆಯಾಟವಾದ್ದರಿಂದ ಅಜ್ಜಿಯ ಫೋನಿನಲ್ಲಿ ಮೊಮ್ಮಗ ಆಡುತ್ತಾನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಚಲನವಲನ ಗಮನಿಸಿ ಅವರಿಗೆಂದೇ ಆಯ್ದ ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಫೋನ್ ಹಿಡಿದವರು ಯಾರೆಂದು ಹೇಳಲಾಗದ ಕಡೆ ಯಾರಿಗೂ ಅಂಥ ಜಾಹೀರಾತು ಬೇಡ, ಎಲ್ಲರಿಗೂ ಒಂದೇ ಬಗೆಯದನ್ನು ತೋರಿಸೋಣ ಎಂಬುದು ಸ್ಟುಡಿಯೊದ ನಿಲುವು. ಹಾಗೆ ಮಾಡಿದರೆ ಜಾಹೀರಾತಿನ ದರ ಇನ್ನೂ ಇಳಿಯುತ್ತದೆ, ಆ ನಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂಬುದು ಪಬ್ಲಿಷರ್ ವಾದ, ಅದೂ ಅಸಂಗತವಲ್ಲ. ನವೀಕರಣ ಸದ್ಯ ಒಂದು ವರ್ಷಕ್ಕೆ ಮಾತ್ರ ಆಗಿದೆ, ಜಾಹೀರಾತುಗಳು ಸ್ಟುಡಿಯೊ ಹೇಳಿದ ರೀತಿಯಲ್ಲೇ ಬರುತ್ತಿವೆ, ನಷ್ಟ ಯಾರ ಪಾಲಿಗೆಷ್ಟು ಎಂಬುದನ್ನು ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಕೂತು ತೀರ್ಮಾನಿಸುವುದೆಂದು ಬರೆದುಕೊಂಡಿದ್ದಾರೆ.